ಟಿಕೆಟ್ ಪೂರಾ, ಆಟ ಅರ್ಧ

ರಜೆ ಬಂತೆಂದರೆ ಮೈಸೂರು ಬಸ್ ನಿಲ್ದಾಣದಲ್ಲಿ ಮಕ್ಕಳ ಕೈ ಹಿಡಿದು ನಿಂತವರೇ ನಿಂತವರು. ಕೆಲವರು ಕೆ.ಆರ್.ಎಸ್. ರಸ್ತೆಯ ಜಿ.ಆರ್.ಎಸ್. ಪಾರ್ಕಿಗೆ, ಕೆಲವರು ಬಿಡದಿಯ ವಂಡರ್‌ಲಾಗೆ. ಆದರೆ ಇಂಥ ಪಾರ್ಕು ಯಾವ ದೇಶದ್ದೇ ಇರಲಿ, ಗೇಟು ತೆಗೆದಷ್ಟು ಹೊತ್ತೂ ಎಲ್ಲಾ ಆಟ ತೆಗೆದಿರಲ್ಲ. ಯಾಕೆ?

ಮಾಲೀಕರ ಜಿಪುಣತನ ಎಂದುಬಿಡುವುದು ಸುಲಭ. ಅಷ್ಟೇ ಅಲ್ಲ. ಮನುಷ್ಯರನ್ನು ಎತ್ತರಕ್ಕೆ ಒಯ್ದು ತಲೆಕೆಳಗು ಮಾಡುವ ಯಂತ್ರ ಅದು. ಬೆಳಗ್ಗೆ ಬೋಲ್ಟು, ಬ್ರೇಕು, ಬೆಲ್ಟು ನೋಡಿ, ಒಮ್ಮೆ ಖಾಲಿ ಓಡಿಸಿ, ಆಮೇಲೆ ಜನರನ್ನು ಹತ್ತಿಸಬೇಕು. ಇಲ್ಲಿ ಅವಸರ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಗುಡುಗು ಮಿಂಚು ಬಂದರೆ ಬಯಲಿನ ಆಟ ನಿಲ್ಲಿಸಲೇಬೇಕು. ಇನ್ನು ಅಲೆ ಏಳುವ ಕೊಳದಲ್ಲಿ ಹತ್ತು ಜನ ಇರಲಿ, ಐನೂರು ಜನ ಇರಲಿ, ಪಂಪು ಓಡಬೇಕು, ಕಾವಲಿನ ಈಜುಗಾರ ನಿಂತಿರಬೇಕು. ಮಂಗಳವಾರ ಮಧ್ಯಾಹ್ನ ಗಿರಾಕಿ ಇಲ್ಲದಾಗ ನಮ್ಮ ಅರಸು ರಸ್ತೆಯ ಅಂಗಡಿಯವರೂ ಎರಡು ದೀಪ ಆರಿಸುವುದಿಲ್ಲವೇ! ಅಮೆರಿಕದ ಫ್ಲಾರಿಡಾದಲ್ಲಿ 1982ರಲ್ಲಿ ಶುರುವಾದ ಡಿಸ್ನಿಯ ಎಪ್ಕಾಟ್ ಪಾರ್ಕಿನಲ್ಲೂ ದೇಶ ದೇಶಗಳ ಮಂಟಪಗಳಿರುವ ಭಾಗ ಮಾಮೂಲಾಗಿ ತೆರೆಯುವುದು 11 ಗಂಟೆಗೆ. ಉಳಿದ ಭಾಗ ಅದಕ್ಕೂ ಮುಂಚೆ.

ಲೆಕ್ಕದ ಇನ್ನೊಂದು ಬದಿಯೂ ಇದೆ. ಒಂದು ಆಟ ಮುಚ್ಚಿದರೆ ಅಲ್ಲಿನ ಜನ ಮನೆಗೆ ಹೋಗುವುದಿಲ್ಲ, ಪಕ್ಕದ ಆಟದ ಕ್ಯೂಗೆ ಸೇರುತ್ತಾರೆ. ಪಾರ್ಕಿನವರಿಗೆ ಸಂಬಳ, ಕರೆಂಟು ಉಳಿಯಿತು. ಅದನ್ನು ಬಿಸಿಲಲ್ಲಿ ನಿಂತು ತೀರಿಸುವವನು ಟಿಕೆಟ್ ಕೊಂಡವನು. ಒಂದೇ ಟಿಕೆಟ್ಟಿಗೆ ಎಲ್ಲಾ ಆಟ ಎಂಬ ಪದ್ಧತಿ ಇರುವ ಕಡೆ ಅವನು ಮುಚ್ಚಿದ ಆಟಕ್ಕೂ ದುಡ್ಡು ಕೊಟ್ಟಿರುತ್ತಾನೆ.

ನಮ್ಮ ಅರಮನೆಯನ್ನೇ ನೋಡಿ. ಸುಮಾರು 1 ಲಕ್ಷ ಬಲ್ಬು. ದಸರೆ ಬಿಟ್ಟರೆ ಮುಖ್ಯವಾಗಿ ಹತ್ತುವುದು ಭಾನುವಾರ ಮತ್ತು ಸರ್ಕಾರಿ ರಜಾ ದಿನ, ಅದೂ ಒಂದು ಗಂಟೆಯೊಳಗೆ ಆರಿಹೋಗುತ್ತೆ. ಯಾರಾದರೂ ಮೋಸ ಅಂದರೇ? ಇಲ್ಲ. ಯಾವಾಗ ಹತ್ತುತ್ತೆ ಎಂಬುದು ಊರಿಗೆಲ್ಲ ಗೊತ್ತು, ಅದಕ್ಕೆ.

ಪಾರ್ಕಿನವರು ಹೊತ್ತು ಕಡಿಮೆ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಇವತ್ತು ಯಾವ ಆಟ ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವುದು ರಿಪೇರಿಯಲ್ಲಿದೆ ಅಂತ ಟಿಕೆಟ್ ಕೌಂಟರಿನ ಹೊರಗೆ, ದಪ್ಪ ಕನ್ನಡ ಅಕ್ಷರದಲ್ಲಿ ಬೋರ್ಡು ಹಾಕಲಿ. ದೊಡ್ಡ ಆಟವೇ ನಿಂತಿದ್ದರೆ ದರವನ್ನೂ ಇಳಿಸಲಿ. ಗುಂಡ್ಲುಪೇಟೆಯಿಂದ ಸಂಸಾರ ಕಟ್ಟಿಕೊಂಡು ಬಂದವನು ಕೊನೇ ಬಸ್ಸಿನ ಲೆಕ್ಕ ಹಾಕಿರುತ್ತಾನೆ. ಜೇಬಿಗೆ ಕೈ ಹಾಕುವ ಮುಂಚೆಯೇ ಅವನಿಗೆ ಈ ಬೋರ್ಡು ಕಾಣಬೇಕು.