ಚಂದ್ರಮತಿಯ ಮುಂದೆ ಟಪ್ ಎಂದ ಕ್ಯಾಮೆರಾ

ಕಳೆದ ವರ್ಷ ಮಳೆಗಾಲದ ಒಂದು ಭಾನುವಾರ ಮಾಟುಂಗದ ಸಭಾಂಗಣದಲ್ಲಿ ‘ಸತ್ಯ ಹರಿಶ್ಚಂದ್ರ’ ಆಟ. ಊರಲ್ಲಿ ತಿರುಗಾಟ ಮುಗಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಇಲ್ಲಿರುವ ನಮಗೆ ಆ ಎರಡು ತಿಂಗಳು ಹಬ್ಬ. ಸ್ಮಶಾನದ ದೃಶ್ಯ ಬಂತು. ಚಂದ್ರಮತಿಯ ಮಡಿಲಲ್ಲಿ ಲೋಹಿತಾಶ್ವ. ಚೆಂಡೆ ಸುಮ್ಮನಾಗಿದೆ, ಮದ್ದಲೆ ಮೆಲ್ಲಗೆ ನುಡಿಯುತ್ತಿದೆ, ಭಾಗವತರು ಪದ್ಯವನ್ನು ಎಳೆದು ಹಾಡುತ್ತಿದ್ದಾರೆ. ನಾನು ಎರಡನೇ ಸಾಲಿನಿಂದ ಕ್ಯಾಮೆರಾ ಎತ್ತಿದೆ. ಟಪ್. ಇನ್ನೊಮ್ಮೆ ಟಪ್.

ಮುಂದಿನ ಸಾಲಿನ ಹಿರಿಯರು ತಿರುಗಿ, “ಹ್ವಾಯ್, ಅದೊಂದ್ ಟಪ್ ಟಪ್ ನಿಲ್ಸ್ತ್ರಿಯಾ?” ಎಂದರು. ನಿಲ್ಲಿಸಿದೆ. ಅವರದ್ದು ತಪ್ಪಿಲ್ಲ.

ಆಟ ಮುಗಿದ ಮೇಲೆ ಚೌಕಿಗೆ ಹೋದೆ. ಚಂದ್ರಮತಿ ಮಾಡಿದವರು ನಮ್ಮ ಕುಂದಾಪುರದ ಕಡೆಯವರೇ, ಎಪ್ಪತ್ತರ ಹತ್ತಿರ ಹತ್ತಿರ. ಬಣ್ಣ ಒರೆಸಿಕೊಳ್ಳುತ್ತಾ, “ಫೋಟೋ ಸಿಕ್ತಾ?” ಎಂದರು. ಇಲ್ಲ ಎಂದೆ. “ಬಪ್ಪ ವರ್ಷ ಬಂದ್ರೆ ಬಂದೆ, ಮೊಣಕಾಲ್ ಕೇಳೂದಿಲ್ಲ” ಎಂದು ನಕ್ಕರು. ಹದಿನಾಲ್ಕು ವರ್ಷಗಳಿಂದ ಅವರ ವೇಷಗಳನ್ನು ತೆಗೆಯುತ್ತಿದ್ದೇನೆ. ಕುಣಿಯುವುದು, ಮಾತಾಡುವುದು, ಮುಖಕ್ಕೆ ಬಣ್ಣ ಬರೆದುಕೊಳ್ಳುವುದು ಎಲ್ಲ ಇದೆ. ಸದ್ದಿಲ್ಲದೆ ಅಳುವ ಆ ಮುಖ ಮಾತ್ರ ಇಲ್ಲ. ಹೊಸ ಕ್ಯಾಮೆರಾ ಬೇಕು ಅಂತ ನನಗೆ ಅನ್ನಿಸಿದ್ದು ಅವತ್ತೇ.

ನಾನು ಫೋರ್ಟ್‌ನ ಕಚೇರಿಯೊಂದರಲ್ಲಿ ಲೆಕ್ಕ ಪರಿಶೋಧಕ, ವಾಸ ಡೊಂಬಿವಲಿ. ನನ್ನ ಬಳಿ ಇದ್ದದ್ದು 2015ರಲ್ಲಿ ಕೊಂಡ ನಿಕಾನ್ ಡಿ7200. ಜೊತೆಗೆ ಕಿಟ್‌ನಲ್ಲಿ ಬಂದ 18-140, ಒಂದು 70-300, ಮತ್ತು ಬೋರಾ ಬಜಾರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ 85 ಎಂಎಂ ಎಫ್1.8ಡಿ. ಮಿರರ್‌ಲೆಸ್‌ಗೆ ಹೋಗುತ್ತೇನೆ ಎಂದದ್ದೇ ತಡ, ಸಲಹೆಗಳ ಮಳೆ. ಕಚೇರಿಯ ಹುಡುಗರು “ಸರ್, ಎಲ್ಲಾ ಮಾರಿ ಬೇರೆ ಕಂಪನಿಗೆ ಹೋಗಿ” ಎಂದರು. ಅಂಗಡಿಯವ ಎರಡು ಲಕ್ಷ ದಾಟುವ ಬಾಡಿಯನ್ನೇ ಮುಂದಿಟ್ಟ. ಯೂಟ್ಯೂಬಿನಲ್ಲಿ ಕೋಷ್ಟಕಗಳು: ಸೆಕೆಂಡಿಗೆ ಎಷ್ಟು ಫ್ರೇಮ್, ವಿಡಿಯೊ ಎಷ್ಟು ಕೆ. ಇದರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ನಿನಗೆ ಇದುವರೆಗೆ ಸಿಗದ ಚಿತ್ರ ಯಾವುದು?

ನನ್ನ ಅಭಿಪ್ರಾಯದಲ್ಲಿ ಬಾಡಿಯ ಆಯ್ಕೆ ಅಲ್ಲಿಂದ ಶುರುವಾಗಬೇಕು. ಆಮೇಲೆ ಲೆನ್ಸ್ ಎಣಿಸಬೇಕು. ಕೋಷ್ಟಕ ಓದುವುದು ಕೊನೆಗೆ.

ಲೆನ್ಸ್ ಎಣಿಕೆ ಅಷ್ಟು ಸುಲಭವಲ್ಲ. ನಿಕಾನ್‌ನ ಹಳೆಯ ಎಫ್ ಮೌಂಟ್ 1959ರದ್ದು. 2018ರಲ್ಲಿ ಬಂದ ಝಡ್ ಮೌಂಟ್‌ನಲ್ಲಿ ಕನ್ನಡಿ ಇಲ್ಲದ್ದರಿಂದ ಲೆನ್ಸ್ ಕೂರುವ ಉಂಗುರಕ್ಕೂ ಸೆನ್ಸರ್‌ಗೂ ನಡುವಿನ ಅಂತರ 46.5 ಮಿಲಿಮೀಟರ್‌ನಿಂದ 16ಕ್ಕೆ ಇಳಿಯಿತು. ಆ ವ್ಯತ್ಯಾಸವನ್ನು ತುಂಬುವ ಕೊಳವೆಯೇ ಎಫ್‌ಟಿಝಡ್ ಅಡಾಪ್ಟರ್. ಒಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣಮಟ್ಟಕ್ಕೆ ಧಕ್ಕೆಯಿಲ್ಲ. ಆದರೆ ಅದರಲ್ಲಿ ಫೋಕಸ್ ತಿರುಗಿಸುವ ಮೋಟಾರೂ ಇಲ್ಲ. ತನ್ನೊಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಮೇಲೆ ಚೆನ್ನಾಗಿ ಆಟೋಫೋಕಸ್ ಆಗುತ್ತವೆ. ಬಾಡಿಯ ಮೋಟಾರನ್ನು ನೆಚ್ಚಿಕೊಂಡಿದ್ದ ‘ಡಿ’ ಲೆನ್ಸುಗಳಲ್ಲಿ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ನನ್ನ 70-300 ಮೊದಲ ಗುಂಪಿನದ್ದು, 85 ಎರಡನೆಯದ್ದು. ಕ್ಯಾನನ್ ಇಎಫ್ ಲೆನ್ಸ್ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. 1987ರಲ್ಲಿ ಆ ಮೌಂಟ್ ತಂದಾಗಲೇ ಮೋಟಾರನ್ನು ಲೆನ್ಸಿನೊಳಗೆ ಇಟ್ಟಿದ್ದರು. ಅವರು ಅಡಾಪ್ಟರ್ ಹಾಕಿಕೊಂಡು ಆರ್‌ಎಫ್ ಬಾಡಿಗೆ ನಿಶ್ಚಿಂತೆಯಿಂದ ಹೋಗಬಹುದು.

ಇನ್ನು 18-140. ಅದು ಸಣ್ಣ ಸೆನ್ಸರಿಗೆ ಮಾಡಿದ ಲೆನ್ಸ್. ಫುಲ್ ಫ್ರೇಮ್ ಬಾಡಿಗೆ ಹಾಕಿದರೆ ಕ್ಯಾಮೆರಾ ತಾನೇ ಅಂಚನ್ನು ಕತ್ತರಿಸಿ, 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 10 ಮಾತ್ರ ಉಳಿಸುತ್ತದೆ. ಡಿಎಕ್ಸ್ ಲೆನ್ಸುಗಳೇ ತುಂಬಿರುವವರು ಇದನ್ನು ತಿಳಿಯದೆ ಫುಲ್ ಫ್ರೇಮ್ ಕೊಂಡರೆ ಲೆನ್ಸುಗಳನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ. ಅಂಗಡಿಯಲ್ಲಿ ಈ ಮಾತು ನಾನೇ ಎತ್ತುವವರೆಗೆ ಬರಲಿಲ್ಲ.

ಮುಖ್ಯ ವಿಷಯ ಸದ್ದು. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಚಿತ್ರಕ್ಕೂ ಒಳಗಿನ ಕನ್ನಡಿ ಮೇಲೆದ್ದು ಕೆಳಗೆ ಬೀಳುತ್ತದೆ. ಕ್ವಯಟ್ ಮೋಡ್ ಹಾಕಿದರೂ ಅದು ಏಳಲೇಬೇಕು. ಮಿರರ್‌ಲೆಸ್‌ನಲ್ಲಿ ಕನ್ನಡಿ ಹೋಯಿತು, ಆದರೆ ಶಟರಿನ ಪರದೆ ಉಳಿದಿದೆ, ಅದೂ ಸದ್ದು ಮಾಡುತ್ತದೆ. ಪೂರ್ತಿ ನಿಶ್ಶಬ್ದ ಬೇಕೆಂದರೆ ಎಲೆಕ್ಟ್ರಾನಿಕ್ ಶಟರ್ ಹಾಕಬೇಕು. ಅದರಲ್ಲಿ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದು ನಿಧಾನವಾದರೆ ಗಿರಕಿ ಹೊಡೆಯುವ ವೇಷ ಓರೆಯಾಗಿ ಬರುತ್ತದೆ. ಎಲ್‌ಇಡಿ ದೀಪಗಳ ಕಣ್ಣಿಗೆ ಕಾಣದ ಮಿಣುಕು ಚಿತ್ರದಲ್ಲಿ ಅಡ್ಡ ಪಟ್ಟೆಗಳಾಗುತ್ತದೆ. ಈಗ ಸಭಾಂಗಣಗಳಲ್ಲಿ ಎಲ್‌ಇಡಿ ಬಿಟ್ಟರೆ ಬೇರೆ ದೀಪ ಎಲ್ಲಿದೆ? ಬೇಗ ಓದುವ ಸೆನ್ಸರಿಗೆ ಸ್ಟ್ಯಾಕ್ಡ್ ಎನ್ನುತ್ತಾರೆ, ಅದಕ್ಕೇ ಬೆಲೆ ಏರುವುದು. 2024ರಲ್ಲಿ ಬಂದ ಝಡ್ 6 ತ್ರೀಯಲ್ಲಿ ಅದು ಭಾಗಶಃ ಇದೆ. 2025ರ ಏಪ್ರಿಲ್‌ನಲ್ಲಿ ಬಂದ ಝಡ್ 5 ಟುವಿನಲ್ಲಿ ಇಲ್ಲ. ನಾನು ವಿಚಾರಿಸಿದಾಗ ಮೊದಲನೆಯದು ಎರಡು ಲಕ್ಷ ದಾಟುತ್ತಿತ್ತು, ಎರಡನೆಯದು ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು.

ಹಾಗಾದರೆ ದುಬಾರಿಯದ್ದೇ ಬೇಕಲ್ಲ ಎಂದು ನಾನೂ ಅಂದುಕೊಂಡೆ. ಊರಿನ ಮನೆಯ ಮಾಡಿನ ಪಕ್ಕಾಸು ಗೆದ್ದಲು ಹಿಡಿದು ಎರಡು ವರ್ಷವಾಗಿತ್ತು. ಹೆಂಡತಿ ಏನೂ ಹೇಳಲಿಲ್ಲ, ಹಂಚಿನಿಂದ ನೀರು ಸೋರುವ ವಿಡಿಯೊವನ್ನು ಅತ್ತೆಯಿಂದ ತರಿಸಿ ನನಗೆ ಕಳಿಸಿದಳು, ಅಷ್ಟೇ.

ಈ ಮಳೆಗಾಲದಲ್ಲಿ ಆ ಹಿರಿಯರು ಮತ್ತೆ ಬಂದರು. ಪ್ರಸಂಗ ‘ನಳ ದಮಯಂತಿ’. ಎರಡೂ ಬಾಡಿಗಳನ್ನು ಒಂದು ದಿನಕ್ಕೆ ಬಾಡಿಗೆಗೆ ತಂದೆ. ಸಂಜೆಯ ಲೋಕಲ್‌ನಲ್ಲಿ ಅವನ್ನು ಎದೆಗವಚಿಕೊಂಡು ಹೋದದ್ದೇ ಒಂದು ಕತೆ, ಬಿಡಿ. ಮಿರರ್‌ಲೆಸ್ ಎಂದರೆ ಹಗುರ ಎನ್ನುವವರು ಅಡಾಪ್ಟರ್, ಹಳೆಯ ಲೆನ್ಸ್ ಎಲ್ಲ ಸೇರಿಸಿ ಒಮ್ಮೆ ತೂಗಿ ನೋಡಲಿ.

ಆಟ ನೋಡುತ್ತಾ ಗೊತ್ತಾದದ್ದು ಯಾವ ಕೋಷ್ಟಕದಲ್ಲೂ ಇರಲಿಲ್ಲ. ವೇಷಗಳು ಗಿರಕಿ ಹೊಡೆಯುವಾಗ, ದಿಗಿಣ ಹಾಕುವಾಗ ಚೆಂಡೆ ಬಡಿಯುತ್ತಿರುತ್ತದೆ. ಆ ಅಬ್ಬರದಲ್ಲಿ ಶಟರಿನ ಸದ್ದು ಯಾರಿಗೆ ಕೇಳಬೇಕು? ಅಲ್ಲಿ ಪರದೆಯ ಶಟರೇ ಸಾಕು, ಚಿತ್ರ ಓರೆಯಾಗುವ ಪ್ರಶ್ನೆಯೇ ಇಲ್ಲ. ಚೆಂಡೆ ನಿಂತಾಗ ರಂಗದ ಮೇಲೆ ವೇಗದ ಚಲನೆಯೂ ನಿಲ್ಲುತ್ತದೆ. ಅಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿ, ವೇಗವನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಇಳಿಸಿದರೆ ಆ ಸಭಾಂಗಣದ ದೀಪಗಳಲ್ಲಿ ಪಟ್ಟೆಗಳೂ ಮಾಯವಾದವು. ಸದ್ದಿಲ್ಲದಿರುವುದು ಮತ್ತು ವೇಗ ಎರಡೂ ಒಟ್ಟಿಗೆ ಬೇಕಾದ ಕ್ಷಣ ಇಡೀ ಆಟದಲ್ಲಿ ನನಗೆ ಸಿಗಲಿಲ್ಲ. ಹಾಗಿರುವಾಗ ಅದಕ್ಕೆ ಮೇಲಿನ ಹಣ ಏಕೆ ಕೊಡಲಿ? ಓಡುವ ಚಿರತೆಯನ್ನೋ ಗಾಲ್ಫ್ ಹೊಡೆತವನ್ನೋ ಸದ್ದಿಲ್ಲದೆ ತೆಗೆಯುವವರ ಲೆಕ್ಕ ಬೇರೆ.

ಇನ್ನೂ ಅಗ್ಗದ ಝಡ್ 50 ಟುವನ್ನು ಕೈಬಿಟ್ಟದ್ದಕ್ಕೂ ಕಾರಣ ಹೇಳಬೇಕು. ಅದರಲ್ಲಿ ಸೆನ್ಸರ್ ಸಣ್ಣದು, ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲ, ನನ್ನ 85ರಲ್ಲೂ ಇಲ್ಲ. ಐವತ್ತನೇ ಒಂದು ಸೆಕೆಂಡಿನಲ್ಲಿ ನನ್ನ ಕೈ ಅಲುಗದೆ ಇರುತ್ತದೆ ಎನ್ನುವ ಧೈರ್ಯ ನನಗಿಲ್ಲ. ಹಗಲಲ್ಲಿ ಹಕ್ಕಿ, ಮಕ್ಕಳು, ಪ್ರವಾಸ ತೆಗೆಯುವವರಿಗೆ, ಡಿಎಕ್ಸ್ ಲೆನ್ಸುಗಳೇ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಕೈಯಿಂದ ಫೋಕಸ್ ಮಾಡುವ ಬಗ್ಗೆ ಅಳುಕಿತ್ತು. ಐವತ್ತೆರಡರ ಕಣ್ಣು, ಕನ್ನಡಕ. ಹಳೆಯ ವ್ಯೂಫೈಂಡರಿನಲ್ಲಿ ಇದು ಆಗದ ಮಾತು. ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಒಂದು ಗುಂಡಿ ಒತ್ತಿದರೆ ದಮಯಂತಿಯ ಕಣ್ಣು ದೊಡ್ಡದಾಗಿ ಎದುರು ಬರುತ್ತದೆ. ಉಂಗುರ ತಿರುಗಿಸುತ್ತಾ ರೆಪ್ಪೆಗೂದಲು ಸ್ಪಷ್ಟವಾಗುವುದನ್ನು ನೋಡಬಹುದು. ಆಟೋಫೋಕಸ್ಸೇ ದೊಡ್ಡದು ಎನ್ನುವವರಿಗೆ ಇನ್ನೊಂದು ಮಾತು: ಇವತ್ತಿನ ಕ್ಯಾಮೆರಾಗಳು ಮುಖ, ಕಣ್ಣು, ನಾಯಿ, ಹಕ್ಕಿ, ವಿಮಾನ ಎಲ್ಲ ಗುರುತಿಸುತ್ತವೆ. ಮುಖದ ತುಂಬ ಚುಟ್ಟಿ ಇಟ್ಟ ಬಣ್ಣದ ವೇಷವನ್ನು ಮಾತ್ರ ಯಾರೂ ಅವಕ್ಕೆ ಕಲಿಸಿದಂತಿಲ್ಲ.

ಝಡ್ 5 ಟು ಬಾಡಿಯನ್ನೂ ಅಡಾಪ್ಟರನ್ನೂ ಕೊಂಡೆ, ಹೊಸ ಲೆನ್ಸ್ ಒಂದನ್ನೂ ಕೊಳ್ಳಲಿಲ್ಲ. ಬ್ಯಾಟರಿ ಮಾತ್ರ ಇನ್ನೆರಡು ಬೇಕಾಯಿತು. ಡಿ7200 ಒಂದು ಚಾರ್ಜಿಗೆ ಸಾವಿರದಷ್ಟು ಚಿತ್ರ ಕೊಡುತ್ತಿತ್ತು, ಇದು ಅದರ ಅರ್ಧವನ್ನೂ ಕೊಡುವುದಿಲ್ಲ, ಆಟವೋ ಬೆಳಗಿನವರೆಗೆ. ಹಳೆಯದಕ್ಕೆ ಅಂಗಡಿಯವ ಹೇಳಿದ ಬೆಲೆ ಕೇಳಿ ಮಾರುವ ಮನಸ್ಸಾಗಲಿಲ್ಲ. 18-140 ಜೊತೆ ಅದು ಈಗ ಕುಂದಾಪುರದಲ್ಲಿ ತಂಗಿಯ ಮಗನ ಕೈಯಲ್ಲಿದೆ. ಉಳಿದ ಹಣ ಪಕ್ಕಾಸಿಗೆ ಹೋಯಿತು, ಸಾಲಲಿಲ್ಲ.

ಅವತ್ತು ರಾತ್ರಿ ಕಾಡಿನಲ್ಲಿ ಎಚ್ಚರವಾದ ದಮಯಂತಿ ಪಕ್ಕದಲ್ಲಿ ನಳನಿಲ್ಲದ್ದನ್ನು ಕಾಣುವಾಗ ನಾನು ಹನ್ನೊಂದು ಚಿತ್ರ ತೆಗೆದೆ. ಮುಂದಿನ ಸಾಲಿನ ಯಾರೂ ತಿರುಗಲಿಲ್ಲ. ಚೌಕಿಯಲ್ಲಿ ಅವರಿಗೆ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ, “ಎಡಗಣ್ಣಿಗೆ ಕಾಡಿಗೆ ಸ್ವಲ್ಪ ಜಾಸ್ತಿ ಆಯ್ತ್, ಕಾಣಿ” ಎಂದರು.