ಮಡಿಯದ ಬೆರಳಿಗೆ ಎಣ್ಣೆ ಹಚ್ಚಿ ಕಾಯಬೇಡಿ

ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತ ಕಬಡ್ಡಿ ಪಂದ್ಯ ನಡೆದ ಮರುದಿನ ಊದಿದ ಬೆರಳಿನ ಹುಡುಗರು ನನ್ನಲ್ಲಿಗೆ ಬರುವುದುಂಟು. "ಹಕೀಂ ಸಾಬ್, ಉಳುಕಿದೆ, ಎಣ್ಣೆ ಕೊಡಿ" ಎನ್ನುತ್ತಾರೆ. ನಾನು ಯುನಾನಿ ವೈದ್ಯ. ಆದರೂ ಹೇಳುತ್ತೇನೆ: ಬೆರಳ ಗೆಣ್ಣಿಗೆ ಬಲವಾದ ಪೆಟ್ಟಾದರೆ ಮೊದಲು ಎಕ್ಸ್‌ರೇ, ಎಣ್ಣೆಯ ಮಾತು ಆಮೇಲೆ.

ಹಿಂದೊಮ್ಮೆ ಮಳವಳ್ಳಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಎದುರಾಳಿಯ ಬನಿಯನ್‌ಗೆ ಅವನ ಉಂಗುರ ಬೆರಳು ಸಿಕ್ಕಿ ಜಗ್ಗಿತ್ತು. ಎರಡು ತಿಂಗಳು ಕಟ್ಟು ಹಾಕಿಸಿಕೊಂಡಿದ್ದ. ನೋವು ಹೋಗಿತ್ತು, ಬೆರಳ ತುದಿ ಮಾತ್ರ ಮಡಿಯುತ್ತಿರಲಿಲ್ಲ. ಬೆರಳನ್ನು ಮಡಿಸುವ ಟೆಂಡನ್ ಎಂಬ ಹುರಿ ಮೂಳೆಯಿಂದ ಕಿತ್ತುಬಂದಿತ್ತು. ಅದನ್ನು ಏಳರಿಂದ ಹತ್ತು ದಿನದೊಳಗೆ ಶಸ್ತ್ರಚಿಕಿತ್ಸೆಯಿಂದ ಸೇರಿಸುವುದು ಒಳ್ಳೆಯದು. ತಡವಾದರೆ ಹುರಿ ಅಂಗೈ ಕಡೆ ಕುಗ್ಗಿಹೋಗುತ್ತದೆ. ಆ ಹುಡುಗ ಮರಗೆಲಸದವನು. ಕೈಯೇ ಅವನ ಅನ್ನ.

ಎಲ್ಲ ಪೆಟ್ಟಿಗೂ ಆಪರೇಷನ್ ಬೇಕಿಲ್ಲ. ಚೆಂಡು ಬಡಿದು ಬೆರಳ ತುದಿ ಜೋತುಬಿದ್ದರೆ ಆರರಿಂದ ಎಂಟು ವಾರ ಬಿಡದೆ ಪಟ್ಟಿ ಹಾಕಿ ನೆಟ್ಟಗೆ ಇಟ್ಟರೆ ಹೆಚ್ಚಿನವರಿಗೆ ಸಾಕು. ಕಿರುಬೆರಳಿನ ಗೆಣ್ಣಿನ ಮುರಿತವೂ ಎಷ್ಟೋ ಸಲ ಪಟ್ಟಿಯಲ್ಲೇ ಕೂಡುತ್ತದೆ.

ಆದರೆ ಮನೆಯಲ್ಲೇ ಮೂರು ಸಂಗತಿ ನೋಡಿ. ಬೆರಳ ನಡುಗೆಣ್ಣನ್ನು ಹಿಡಿದುಕೊಂಡಾಗ ತುದಿ ಮಡಿಯುತ್ತದೆಯೇ? ಮುಷ್ಟಿ ಕಟ್ಟಿದರೆ ಒಂದು ಬೆರಳು ಇನ್ನೊಂದರ ಮೇಲೆ ಏರುತ್ತದೆಯೇ? ಗೆಣ್ಣಿನ ಮೇಲೆ ಎದುರಾಳಿಯ ಹಲ್ಲು ತಾಗಿದ ಗಾಯವಿದೆಯೇ? ಮಡಿಯದ ತುದಿಗೂ ಏರಿದ ಬೆರಳಿಗೂ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಲ್ಲಿನ ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ತೋರಿಸಿ. ಕೀಲಿಗೆ ಕೀವು ಇಳಿದರೆ ಬೆರಳೇ ಹೋದೀತು.

ಪೆಟ್ಟಾದ ಕೂಡಲೇ ಉಂಗುರ ತೆಗೆಯಿರಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕೈ ಮೇಲೆತ್ತಿಡಿ. ನೀವಬೇಡಿ, ಎಳೆಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಇಲ್ಲವೇ ಮಂಡ್ಯದ ಮಿಮ್ಸ್‌ನ ಮೂಳೆ ವಿಭಾಗಕ್ಕೆ ಹೋಗಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ತಪ್ಪಿಸಬೇಡಿ. ಕೈಯಾಡಿಸದಿದ್ದರೆ ಬೆರಳು ಬಿಗಿದುಕೊಳ್ಳುತ್ತದೆ.

"ಹಕೀಮರೇ ಕತ್ತರಿಗೆ ಕಳಿಸುತ್ತಾರಲ್ಲ" ಎಂದು ಕೆಲವರು ಕೇಳುತ್ತಾರೆ. 1013ರಲ್ಲಿ ತೀರಿಕೊಂಡ ಕಾರ್ಡೋಬಾದ ಅಲ್ ಝಹ್ರಾವಿ ತಮ್ಮ ಮೂವತ್ತು ಭಾಗಗಳ ವೈದ್ಯಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟು, ಉಪಕರಣಗಳ ಚಿತ್ರ ಬರೆದಿಟ್ಟರು. ಶಸ್ತ್ರಚಿಕಿತ್ಸೆ ನಮ್ಮ ಪರಂಪರೆಗೆ ಹೊರಗಿನದಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಕೈಗೆ ಒಪ್ಪಿಸುವುದೂ ಹಕೀಮನ ಕೆಲಸವೇ.