ಹದಿನಾರರ ಅಂಕಪಟ್ಟಿಗೆ ಇನ್ನೆಷ್ಟು ಕಾಲ ಮರ್ಯಾದೆ?

ಐಐಎಂ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಫಲಿತಾಂಶ ಬಂತೆಂದರೆ ಪ್ರತಿ ವರ್ಷ ಅದೇ ಜಗಳ. '99 ಪರ್ಸೆಂಟೈಲ್ ತೆಗೆದ ನಮಗೆ ಸಂದರ್ಶನದ ಕರೆಯಿಲ್ಲ, ನಮಗಿಂತ ಕಡಿಮೆ ಬಂದ ಬಿಎ ಪದವೀಧರರಿಗೆ ಇದೆ' ಎಂದು ಎಂಜಿನಿಯರಿಂಗ್ ಓದಿದವರು ಕೂಗಾಡುತ್ತಾರೆ. ತರಗತಿಯಲ್ಲಿ ವೈವಿಧ್ಯ ಬೇಕು ಎಂದು ಐಐಎಂಗಳು ಸಮಜಾಯಿಷಿ ಕೊಡುತ್ತವೆ. ಈ ಗಲಾಟೆಯಲ್ಲಿ ಯಾರ ಬಾಯಿಗೂ ಬಾರದ ಮಾತೊಂದಿದೆ: ನಿಜವಾಗಿಯೂ ಬೇರೆ ದಾರಿಯಿಂದ ಬಂದವರು ಆ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ.

ಐಐಎಂಗಳು ಹೆಮ್ಮೆಯಿಂದ ತೋರಿಸುವ 'ವಿಭಿನ್ನ ಹಿನ್ನೆಲೆ' ಎಂಥದು? ಭರತನಾಟ್ಯ ಕಲಿತ ಅರ್ಥಶಾಸ್ತ್ರದ ಪದವೀಧರೆ, ಬೆಟ್ಟ ಹತ್ತುವ ವಕೀಲ. ಇಬ್ಬರೂ ಒಳ್ಳೆಯವರೇ, ಜಾಣರೇ. ಆದರೆ ಇಬ್ಬರೂ ಓದಿದ್ದು ಒಂದೇ ಬಗೆಯ ಇಂಗ್ಲಿಷ್ ಶಾಲೆಯಲ್ಲಿ. ಹವ್ಯಾಸ ಬೇರೆಯಾದರೆ ಹಿನ್ನೆಲೆ ಬೇರೆಯಾಗುತ್ತದೆಯೇ?

ಮಂಡ್ಯದ ಕಡೆಯ ಹಳ್ಳಿಯೊಂದರ ಹಾಲಿನ ಡೈರಿಗೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಲ್ಯಾಕ್ಟೋಮೀಟರ್ ಅದ್ದಿ, ಫ್ಯಾಟ್ ನೋಡಿ, ದರ ಬರೆಯುತ್ತಿರುತ್ತಾಳೆ. ನೀರು ಬೆರೆಸಿ ತಂದವರಿಗೆ ಮುಖ ಕೆಡದಂತೆ ಹೇಳಿ ವಾಪಸು ಕಳಿಸುವುದು, ಪಶು ಆಹಾರದ ಸಾಲವನ್ನು ಬಟವಾಡೆಯಲ್ಲಿ ಮುರಿದುಕೊಳ್ಳುವುದು, ಗಾಡಿ ತಡವಾದರೆ ಹಾಲು ಒಡೆಯದಂತೆ ನೋಡಿಕೊಳ್ಳುವುದು, ಎಲ್ಲ ಅವಳದೇ. ಇದು ಮ್ಯಾನೇಜ್‌ಮೆಂಟ್ ಅಲ್ಲದಿದ್ದರೆ ಮತ್ತೇನು? ಆದರೆ ಐಐಎಂ ಲೆಕ್ಕದಲ್ಲಿ ಪದವಿ ಮುಗಿದ ಮೇಲಿನ ಪೂರ್ಣಾವಧಿ ಕೆಲಸವಷ್ಟೇ ಅನುಭವ. ಅವಳ ಆ ವರ್ಷಗಳ ಬೆಲೆ ಸೊನ್ನೆ.

ಅದಕ್ಕಿಂತ ದೊಡ್ಡ ಅಡ್ಡಿ ಎಸ್‌ಎಸ್‌ಎಲ್‌ಸಿ. ಬೆಂಗಳೂರು ಐಐಎಂ ಸಂದರ್ಶನಕ್ಕೆ ಕರೆಯುವವರನ್ನು ಆರಿಸುವಾಗ ಕ್ಯಾಟ್ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬೋರ್ಡುಗಳ ನಡುವೆ ತಾರತಮ್ಯವಾಗದಿರಲೆಂದು ಪ್ರತಿ ಬೋರ್ಡಿನ 90ನೇ ಪರ್ಸೆಂಟೈಲ್ ಅಂಕದಿಂದ ಭಾಗಿಸುವ ಸೂತ್ರವೊಂದಿದೆ. ಕೇಳಲು ನ್ಯಾಯವಾಗಿದೆ. ಆದರೆ ಆ 90ನೇ ಪರ್ಸೆಂಟೈಲ್ ತೆಗೆಯುವುದು ಬೋರ್ಡಿನ ಎಲ್ಲ ಮಕ್ಕಳಿಂದಲ್ಲ, ಕ್ಯಾಟ್‌ಗೆ ಅರ್ಜಿ ಹಾಕಿದವರಿಂದ. ನಮ್ಮ ರಾಜ್ಯದ ಬೋರ್ಡಿನಲ್ಲಿ ಓದಿ ಕ್ಯಾಟ್‌ವರೆಗೆ ಬರುವವರು ಯಾರು? ಹೆಚ್ಚಿನವರು ನಗರದವರು, ಟ್ಯೂಷನ್ ಕಂಡವರು. ಸರ್ಕಾರಿ ಶಾಲೆಯಲ್ಲಿ, ಗಣಿತದ ಮೇಷ್ಟ್ರೇ ಇಲ್ಲದ ವರ್ಷ, ಕನ್ನಡದಲ್ಲಿ ಪರೀಕ್ಷೆ ಬರೆದವಳನ್ನು ತೂಗುವುದು ಇವರ ಎದುರು. ಮೀಸಲಾತಿಯ ಮಾತು ಬೇರೆ. ಆದರೆ ಆ ಪಟ್ಟಿಗಳೊಳಗೂ ಸೋಸುವುದು ಇದೇ ಜರಡಿ.

ಅಂಕ ಬಿಟ್ಟರೆ ವಶೀಲಿ ನುಗ್ಗುತ್ತದೆ ಎನ್ನುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ, ಈ ದೇಶದಲ್ಲಂತೂ ಅಲ್ಲ. ಆದರೆ ನಾನು ಕ್ಯಾಟ್ ಬಿಡಿ ಎನ್ನುತ್ತಿಲ್ಲ. ಎರಡು ಗಂಟೆಯ ಆ ಪರೀಕ್ಷೆಯನ್ನು ಎಲ್ಲರೂ ಬರೆಯಲಿ. ಇಪ್ಪತ್ತೆರಡರ ವಯಸ್ಸಿನ ಬುದ್ಧಿಯನ್ನು ಅಳೆಯಲು ಅಷ್ಟು ಕಟ್ಟುನಿಟ್ಟಿನ ಪರೀಕ್ಷೆ ಕೈಯಲ್ಲಿರುವಾಗ ಹದಿನಾರರಲ್ಲಿ ಬರೆದದ್ದನ್ನು ಮತ್ತೆ ಕೆದಕುವುದೇಕೆ ಎಂಬುದಷ್ಟೇ ನನ್ನ ತಕರಾರು.

ಸೂತ್ರ ಬದಲಿಸಿದರೆ ಮಟ್ಟ ಕುಸಿಯುತ್ತದೆ ಎಂಬ ಹೆದರಿಕೆಗೆ ಕಲ್ಲಿಕೋಟೆಯೇ ಉತ್ತರ. ಅಲ್ಲಿನ ಐಐಎಂ ಆಯ್ಕೆಯ ನಿಯಮ ಬದಲಿಸಿ 2013ರ ತರಗತಿಗೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳನ್ನು ತಂದಿತು. ಸಂಸ್ಥೆಯೇನೂ ಮುಳುಗಲಿಲ್ಲ.

ಬೆಂಗಳೂರಿನ ಸಂಸ್ಥೆಗಂತೂ ಇದು ಹೊಸ ಮಾತಾಗಬಾರದು. 1973ರಲ್ಲಿ ಶುರುವಾದಾಗ ಸಾರ್ವಜನಿಕ ರಂಗಕ್ಕೆ ಆಡಳಿತಗಾರರನ್ನು ರೂಪಿಸುವುದು ಅದರ ಉದ್ದೇಶಗಳಲ್ಲೊಂದಾಗಿತ್ತು. ಬನ್ನೇರುಘಟ್ಟ ರಸ್ತೆಯ ಆ ವಿಶಾಲ ಜಮೀನು ಕರ್ನಾಟಕ ಸರ್ಕಾರ ಕೊಟ್ಟದ್ದು. ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ಸುಧಾರಿಸುವ ಕೆಲಸಕ್ಕೇ ಹೆಸರಾದವರು! ಗಾಡಿ ಹೊಡೆಯುವ ಮನೆಯ ಮಗಳು ಇಂದು ಅದೇ ಗೇಟಿನೊಳಗೆ ಕಾಲಿಡಬೇಕಾದರೆ ಮೊದಲು ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಲೆಕ್ಕ ಒಪ್ಪಿಸಬೇಕು.

2017ರ ಐಐಎಂ ಕಾಯ್ದೆ ಈ ಸಂಸ್ಥೆಗಳಿಗೆ ಸ್ವಾಯತ್ತತೆ ಕೊಟ್ಟಿದೆ. ಮುಂದಿನ ಕ್ಯಾಟ್‌ಗೆ ಮೊದಲೇ ಹತ್ತನೇ ತರಗತಿಯ ಅಂಕವನ್ನು ಸೂತ್ರದಿಂದ ತೆಗೆಯಲಿ; ಸಹಕಾರ ಸಂಘದ ದಾಖಲೆ ಇರುವ ಕೆಲಸವನ್ನು, ಅದು ಪದವಿಗೆ ಮುಂಚಿನದಾದರೂ, ಅನುಭವವೆಂದು ಒಪ್ಪಲಿ. ಆಗದು ಎನ್ನುವುದಾದರೆ, ಕನ್ನಡ ಮಾಧ್ಯಮದಲ್ಲಿ ಓದಿದವರು ಕಳೆದ ಐದು ವರ್ಷಗಳಲ್ಲಿ ಎಷ್ಟು ಮಂದಿ ಒಳಗೆ ಬಂದಿದ್ದಾರೆಂಬ ಲೆಕ್ಕವನ್ನಾದರೂ ಪ್ರಕಟಿಸಲಿ.